ಅಟ್ಟದ ಒಂಬತ್ತನೇ ಕ್ಯಾಸೆಟ್ಟು

ಸತ್ತವರ ಮೇಲೆ ಈ ಕಾಲದವರಿಗೆ ಎಲ್ಲಿಲ್ಲದ ಅಕ್ಕರೆ. ಚಿದಂಬರ ಬದುಕಿದ್ದಾಗ ಅವನ ಕಾರ್ಯಕ್ರಮಕ್ಕೆ ಇನ್ನೂರು ಜನ ಸೇರಿದರೆ ಅದೇ ಹೆಚ್ಚು. ಗಿಟಾರಿನ ತಂತಿಗೆ ಗೋಡೆ ಕೊರೆಯುವ ಮಿಷನ್ನು ಹಿಡಿದು ಕಿರ್ರೆನ್ನಿಸುವವನ ಹಾಡು ಯಾರಿಗೆ ಬೇಕಿತ್ತು? ಕಳೆದ ಕಾರ್ತಿಕದಲ್ಲಿ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಎದೆನೋವು ಅಂದವನು ಮತ್ತೆ ಏಳಲಿಲ್ಲ. ಅಷ್ಟು ಸಾಕಾಯಿತು ನೋಡಿ, ಅವನ ಹಳೆಯ ಕ್ಯಾಸೆಟ್ಟು ಎಲ್ಲಿ, ಹಳೆಯ ಫೋಟೋ ಎಲ್ಲಿ ಎಂದು ಅಭಿಮಾನಿಗಳು ಅವನ ಊರಾದ ಅರಸೀಕೆರೆಯ ಬಸ್ಸು ಹತ್ತಿದರು. ಅವನ ತಂಗಿ ಅರುಣಾ ಮನೆಯ ಕೊಬ್ಬರಿ ಅಟ್ಟ ಹತ್ತಿ, ಕಾಯಿ ರಾಶಿಯ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬ ಇಳಿಸಿಕೊಟ್ಟಳು. ಒಳಗೆ ಹದಿನಾಲ್ಕು ಕ್ಯಾಸೆಟ್ಟು. ಎಲ್ಲವೂ ಅವನು ಬೆಂಗಳೂರು ಸೇರುವ ಮುಂಚಿನವು.

ಆ ಡಬ್ಬದ ಜಾಡು ಹಿಡಿದು ರಾಹುಲ್ ಎಂಬಾತ ಹಳೇಬೀಡಿನಲ್ಲಿ ರತ್ನಪ್ರಭಾಳ ಮನೆ ಬಾಗಿಲಿಗೆ ಬಂದ. ಅರ್ಧ ತಲೆ ನರೆತ ಸಭ್ಯ ಮನುಷ್ಯ. ಹಳೆಯ ಧ್ವನಿಮುದ್ರಣಗಳನ್ನು ಶುದ್ಧಮಾಡಿ ಹೊರತರುವುದು ಅವನ ಕಸುಬು.

"ಮೇಡಂ, ಐದು ಕ್ಯಾಸೆಟ್ಟಲ್ಲಿ ಒಬ್ಬ ಹೆಂಗಸಿನ ದನಿ ಇದೆ. ಯಾರು ಅಂತ ಅರುಣಾ ಅವರನ್ನ ಕೇಳಿದ್ರೆ, ಹಳೇಬೀಡಿನಲ್ಲಿ ಹಿಂದಿ ಟೀಚರ್ ಒಬ್ಬಳಿದ್ದಾಳೆ, ಅವಳನ್ನೇ ಕೇಳ್ಕೊಳ್ಳಿ ಅಂದ್ರು. ನಿಮ್ಮದೇ ಅನ್ನೋದಾದ್ರೆ ಹೊರತರೋಕೆ ಒಪ್ಪಿಗೆ ಅಂತ ಒಂದು ಸಹಿ ಬೇಕಿತ್ತು."

ರತ್ನಪ್ರಭಾಗೆ ಐವತ್ತೆರಡು. ಗಂಡ ಜಿನಪ್ರಸಾದ್ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿ ಇಟ್ಟವರು, ಒಂದು ಗದರು ಮಾತು ಆಡದ ಮನುಷ್ಯ. ಅವಳ ಸಂಸಾರದಲ್ಲಿ ಯಾರೂ ಕಡ್ಡಿ ಆಡಿಸುವಂತಿರಲಿಲ್ಲ. ಆದರೂ ಬಂದವನಿಗೆ ನೀರು ಕೊಟ್ಟವಳೇ, ಕೇಳಬಾರದ್ದನ್ನು ಕೇಳಿಬಿಟ್ಟಳು.

"ಅದರಲ್ಲಿ ಅವನು ನನ್ನ ಬಗ್ಗೆ ಏನಾದ್ರೂ ಹೇಳಿದ್ದಾನಾ?"

ಕೇಳದೆ ಇನ್ನೇನು ಮಾಡುತ್ತಾಳೆ ಪಾಪ! ಮೂವತ್ತು ವರ್ಷದಿಂದ ಆ ಒಂದು ಪ್ರಶ್ನೆ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಾನೇನು ತಪ್ಪು ಮಾಡಿದೆ, ಅವನು ಕ್ಷಮಿಸಲಾರದಂಥದ್ದು?

ಆಗ ಅವಳಿಗೆ ಇಪ್ಪತ್ತೆರಡು, ಅವನಿಗೂ ಅಷ್ಟೇ. ಬಿ.ಎ. ಮುಗಿಸಿ ಹಳೇಬೀಡಿನ ತವರಿನಿಂದ ಅರಸೀಕೆರೆಗೆ ಟೈಪಿಂಗ್ ಕಲಿಯಲು ಜಾವಗಲ್ ಮೇಲಿನ ಬಸ್ಸಿನಲ್ಲಿ ವಾರಕ್ಕೆರಡು ದಿನ ಬರುತ್ತಿದ್ದಳು. ಕೊಬ್ಬರಿ ಮಂಡಿ ದೇವೀರಪ್ಪನ ಮಗ ಚಿದಂಬರ ಕಾಲೇಜಿನ ಗೆಳೆಯ. ಅಪ್ಪನ ಅಟ್ಟದ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಏನೇನೋ ಆಟ ಕಟ್ಟುತ್ತಿದ್ದ. ಬಿದಿರಿನ ತಟ್ಟಿಯ ಮೇಲೆ ತೆಂಗಿನಕಾಯಿ ಉರುಳಿಸುವುದು, ಅದರ ಮೇಲೆ ಒಂದೇ ತಂತಿ ಮೀಟುವುದು, ರೈಲ್ವೆ ಸ್ಟೇಷನ್ನಿನ ಕೂಗನ್ನು ನಿಧಾನ ಮಾಡಿ ಸೇರಿಸುವುದು. ದೇವೀರಪ್ಪ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ "ಇನ್ನೂ ನೀರು ಇಂಗಿಲ್ಲ" ಅಂದದ್ದನ್ನೂ ಬಿಡಲಿಲ್ಲ ಪುಣ್ಯಾತ್ಮ. ಬಸದಿಯಲ್ಲಿ ಸ್ತೋತ್ರ ಹಾಡಿ ಬೆಳೆದ ರತ್ನಪ್ರಭಾಗೆ, "ಹಾಡಬ್ಯಾಡ ಕಣೇ, ಸುಮ್ನೆ ಉಸಿರಾಡು" ಅನ್ನುತ್ತಿದ್ದ. ಕಾವಲಿಗೆ ಅರುಣಾ, ಹದಿನಾಲ್ಕರ ಹುಡುಗಿ, ಪಕ್ಕದಲ್ಲೇ ಕೂತು ಬಿದ್ದೂ ಬಿದ್ದೂ ನಗುತ್ತಿದ್ದಳು.

ಪ್ರೀತಿ ಗೀತಿ ಎಂದು ಇಬ್ಬರೂ ಬಾಯಿ ಬಿಟ್ಟು ಅಂದವರಲ್ಲ. ಒಂದು ದಿನ ಬಸ್ಸು ಹತ್ತಿಸುವಾಗ ಅವನು, "ದಸರಾ ಕಳೀಲಿ, ಹಳೇಬೀಡಿಗೆ ಬತ್ತೀನಿ. ನಿಮ್ಮಪ್ಪನ ತಾವ ಮಾತಾಡ್ತೀನಿ" ಅಂದ. ಬಸ್ಸು ಹೊರಟಿತು. ಅವಳು ಜಾವಗಲ್ ಬರುವವರೆಗೂ ಕಿಟಕಿಯ ಹೊರಗೆ ನೋಡಿ ಅತ್ತಳು. ಸಂತೋಷಕ್ಕೆ.

ಆಮೇಲೆ ಭಾದ್ರಪದದಲ್ಲಿ ಹತ್ತು ದಿನದ ದಶಲಕ್ಷಣ ಪರ್ವ ಬಂತು, ಅವಳು ಮನೆಯಲ್ಲೇ ಉಳಿದಳು. ಪರ್ವ ಮುಗಿದ ಮೇಲೆ ಜೈನರ ಮನೆಗಳಲ್ಲಿ ಕ್ಷಮೆ ಕೇಳುವ ದಿನ. ಚಿಕ್ಕವರು ದೊಡ್ಡವರೆನ್ನದೆ ತಮ್ಮವರೆಲ್ಲರ ಮುಂದೆ ಕೈ ಜೋಡಿಸಬೇಕು, ದೂರ ಇರುವವರಿಗೆ ಕಾರ್ಡು ಹಾಕಬೇಕು. ತಲುಪಿದವರು "ನೀವೂ ಕ್ಷಮಿಸಿ" ಎಂದು ತಿರುಗಿ ಬರೆಯಬೇಕು. ಅವಳ ಅಪ್ಪ ವೃಷಭರಾಜರು ಪ್ರತಿವರ್ಷ ಪಟ್ಟಿ ಮಾಡಿ ಕೊಡುತ್ತಿದ್ದರು, ರತ್ನಪ್ರಭಾ ಒಂದೇ ಒಕ್ಕಣೆಯನ್ನು ಅರವತ್ತು ಕಾರ್ಡಿಗೆ ಬರೆಯುತ್ತಿದ್ದಳು. ಆ ವರ್ಷ ಪಟ್ಟಿಯ ಕೊನೆಗೆ ತಾನೇ ಒಂದು ಹೆಸರು ಸೇರಿಸಿದಳು. ಅಪ್ಪ ಕನ್ನಡಕ ತೆಗೆದು ಅವಳ ಮುಖ ನೋಡಿದರು, ಪಟ್ಟಿ ನೋಡಿದರು, ಕೊನೆಗೆ "ಹಾಕು" ಅಂದರು. ಪರರ ಮನೆಯ ಹುಡುಗ ತಮ್ಮವರ ಪಟ್ಟಿಗೆ ಸೇರಿದ್ದ. ಅವಳಿಗೆ ಅದಕ್ಕಿಂತ ದೊಡ್ಡ ಒಪ್ಪಿಗೆ ಬೇಕಿರಲಿಲ್ಲ.

ಅರವತ್ತು ಮನೆಯಿಂದ ಉತ್ತರ ಬಂತು. ಅವನೊಬ್ಬ ಬರೆಯಲಿಲ್ಲ. ದಸರಾ ಕಳೆಯಿತು, ಅವನು ಬರಲೂ ಇಲ್ಲ. ನಾಚಿಕೆ ಬಿಟ್ಟು ಮಂಡಿಗೇ ಹೋಗಿ ಕೇಳಿದ್ದಕ್ಕೆ ದೇವೀರಪ್ಪ, "ಬೆಂಗ್ಳೂರಿಗೆ ಹೋದ ಕಣಮ್ಮ. ಯಾಕೆ ಏನು ಒಂದೂ ಹೇಳ್ಲಿಲ್ಲ" ಅಂದರು. ಅರುಣಾ ಮುಖ ತಿರುಗಿಸಿ ಒಳಗೆ ಹೋದಳು. ವೃಷಭರಾಜರು ಒಂದು ತಿಂಗಳು "ಆ ಹುಡುಗನ ಕಾರ್ಡು ಬಂತೇನಮ್ಮ?" ಎಂದು ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಎರಡು ವರ್ಷಕ್ಕೆ ಅವಳ ಮದುವೆಯಾಯಿತು.

ರಾಹುಲ್ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. "ಒಂಬತ್ತನೇದು ಕೇಳಿ ಮೇಡಂ. ಇದು ಅವರ ಮೊದಲ ಆಲ್ಬಂನಲ್ಲೂ ಇದೆ. ಆದ್ರೆ ಅಲ್ಲಿ ಗಿಟಾರಿನ ಸದ್ದು ಮಾತನ್ನೆಲ್ಲ ಮುಚ್ಚಿಬಿಟ್ಟಿದೆ. ಮಾತು ಕೇಳ್ಸೋದು ಇದೊಂದರಲ್ಲೇ. ಅದಕ್ಕೇ ಇದಕ್ಕೆ ಇಷ್ಟು ಬೆಲೆ."

ಅವಳು ಹೆಡ್‌ಫೋನು ಹಾಕಿಕೊಂಡಳು. ಮೊದಲು ಕಾಯಿ ಉರುಳಿದ ಸದ್ದು. ಆಮೇಲೆ ತಂತಿ. ಆಮೇಲೆ ಇಪ್ಪತ್ತೆರಡರ ಚಿದಂಬರನ ದನಿ, ಶಾಲೆಯ ಪಾಠ ಓದುವವನ ಹಾಗೆ ಒಂದೊಂದೇ ಪದ ಬಿಡಿಸಿಕೊಂಡು.

"ತಿಳಿದೋ ತಿಳಿಯದೆಯೋ, ನನ್ನ ಮನಸ್ಸಿನಿಂದ, ಮಾತಿನಿಂದ, ಕಾಯದಿಂದ ನೋವಾಗಿದ್ದರೆ ಕ್ಷಮಿಸಬೇಕು. ಇಂತಿ, ರತ್ನಪ್ರಭಾ."

ಮತ್ತೆ ಅದನ್ನೇ ಓದಿದ. ಮೂರನೆಯ ಸಲ ದನಿ ಒಡೆಯಿತು. ತಂತಿ ನಿಂತಿತು. ಪಕ್ಕದಲ್ಲಿದ್ದ ತಂಗಿಗೆ ಅವನು ಹೇಳಿದ್ದೂ ಟೇಪಿನಲ್ಲಿ ಸೇರಿತ್ತು.

"ಮನೆಗೆ ಬತ್ತೀನಿ ಅಂದಿದ್ದಕ್ಕೆ ಇದು ಜವಾಬು ಕಣೇ ಅರುಣಾ. ಬ್ಯಾಡ ಅಂತ ನೆಟ್ಟಗೆ ಹೇಳಕ್ಕಾಗ್ದೆ ಹಿಂಗೆ ಬರ್ದವ್ಳೆ. ಅವರಪ್ಪ ಬರ್ಸಿರ್ಬೇಕು." ಸ್ವಲ್ಪ ಹೊತ್ತು ಬರಿಯ ಉಸಿರು. "ಆಯ್ತು ರತ್ನಾ. ಇದ್ರಲ್ಲಿ ಕ್ಷಮಿಸೋದೇನೈತೆ? ಹೋಗು. ಚೆನ್ನಾಗಿರು."

"ಅಯ್ಯೋ ಮಂಕೇ!" ರತ್ನಪ್ರಭಾ ಜೋರಾಗಿ ಅಂದುಬಿಟ್ಟಳು. "ಎಲ್ಲಿಗೋ ಹೋಗ್ಲಿ ನಾನು? ಇಲ್ಲೇ ಇದ್ನಲ್ಲೋ!"

ಕೇಳಬೇಕಾದವನು ಕೇಳುವ ಹಾಗಿರಲಿಲ್ಲ. ಅವಳು ಮೇಜಿಗೆ ಹಣೆ ಹಚ್ಚಿ ಅತ್ತಳು, ಎದುರಿಗೆ ಹೊರಗಿನವನಿದ್ದಾನೆ ಎಂಬುದನ್ನೂ ಮರೆತು. ರಾಹುಲ್ ನೀರಿನ ಲೋಟವನ್ನು ಅವಳತ್ತ ಸರಿಸುತ್ತ ಕೂತ. ಅಳು ಒಂದಿಷ್ಟು ತಗ್ಗಿದ ಮೇಲೆ ಅವಳು ಎಲ್ಲವನ್ನೂ ಹೇಳಿದಳು. ಪರ್ವ, ಪಟ್ಟಿ, ಅರವತ್ತು ಕಾರ್ಡು, ಅಪ್ಪ ಹಾಕು ಅಂದದ್ದು.

"ಅದೇ ಮಾತನ್ನ ಬೇಲೂರಿನ ನಮ್ಮ ಸೋದರತ್ತೆಗೂ ಬರೆದಿದ್ದೆ, ನನ್ನ ಗಣಿತದ ಮೇಷ್ಟ್ರಿಗೂ ಬರೆದಿದ್ದೆ. ನಮ್ಮವರಿಗೆ ಬರೆಯೋ ಕಾರ್ಡು ಅದು. ನಮ್ಮವನು ಅಂತಲೇ ಅವನಿಗೂ ಹಾಕ್ದೆ. ಇದು ನಮ್ಮ ಪದ್ಧತಿ ಅಂತ ಒಂದು ಸಾಲು ಸೇರಿಸಬೇಕಿತ್ತು. ಹೊಳೀಲೇ ಇಲ್ಲ."

ಹೇಗೆ ಹೊಳೆಯಬೇಕು ಹೇಳಿ? ಹುಟ್ಟಿದಾಗಿನಿಂದ ನೋಡಿದ್ದನ್ನು ಯಾರಾದರೂ ಬಿಡಿಸಿ ಹೇಳುತ್ತಾರೆಯೇ? ಶಿವಪೂಜೆಯ ಮನೆಯ ಹುಡುಗನಿಗೆ ಅದು ಗೊತ್ತಿರಲಿಕ್ಕಿಲ್ಲ ಎಂದು ಅವಳಿಗೆ ಅನ್ನಿಸಲಿಲ್ಲ. ಕೇಳಿ ತಿಳಿದುಕೊಳ್ಳೋಣ ಎಂದು ಅವನಿಗೂ ಅನ್ನಿಸಲಿಲ್ಲ. ಕೇಳಿದ್ದರೆ ಒಂದೂವರೆ ಗಂಟೆಯ ಬಸ್ಸು. ಅವನು ತಪ್ಪು ತಿಳಿದು ಹೋದ, ಇವಳು ತನ್ನದೇ ತಪ್ಪು ಎಂದುಕೊಂಡು ಮೂವತ್ತು ಸಲ ಆ ದಿನ ಬಂದಾಗಲೂ ಎಲ್ಲರಿಗೂ ಕೈ ಜೋಡಿಸಿದ ಮೇಲೆ ದೇವರ ಮನೆಯಲ್ಲಿ ಒಬ್ಬಳೇ ನಿಂತು ಅವನ ಕ್ಷಮೆ ಕೇಳಿದಳು. ಅವನು ಮೊದಲ ದಿನವೇ ಕ್ಷಮಿಸಿ ಆಗಿತ್ತು.

ರಾಹುಲ್ ಲ್ಯಾಪ್‌ಟಾಪ್ ಮುಚ್ಚಿದ. ಆಮೇಲೆ ತಡವರಿಸುತ್ತ ಅಂದ, "ಮೇಡಂ, ಅವರ ಎಲ್ಲ ಹಾಡಿಗೂ ಈ ಕಾಗದವೇ ಮೂಲ. ಬಿಟ್ಟುಹೋದ ಹುಡುಗಿಯ ಕಾಗದ ಅಂತ ಅವರೇ ಹೇಳ್ತಿದ್ರು, ಇಷ್ಟು ವರ್ಷ ಎಲ್ರೂ ಹಾಗೇ ಬರೆದಿದ್ದಾರೆ. ನಾನೂ ಇದರ ಜೊತೆ ಕೊಡೋ ಪುಸ್ತಿಕೆಯಲ್ಲಿ ಹಾಗೇ ಬರೆದಿದ್ದೀನಿ. ಅದನ್ನ ತೆಗೆದು ನಿಜ ಏನು ಅಂತ ಹಾಕ್ತೀನಿ. ನೀವು ಬಿಟ್ಟುಹೋಗ್ಲಿಲ್ಲ ಅಂತ ಜನಕ್ಕೆ ಗೊತ್ತಾಗ್ಲಿ."

ರತ್ನಪ್ರಭಾ ಸೆರಗಿನಿಂದ ಮುಖ ಒರೆಸಿಕೊಂಡು ಅವನು ತಂದಿದ್ದ ಒಪ್ಪಿಗೆ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನು ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.

"ನೀವು ಬರೆದಿದ್ದು ಹಾಗೇ ಇರ್ಲಿ" ಅಂದಳು. "ಅವನಿಗೇ ಗೊತ್ತಾಗ್ಲಿಲ್ಲ. ಇನ್ನು ಊರಿಗೆಲ್ಲ ಗೊತ್ತಾಗಿ ಏನಾಗ್ಬೇಕಪ್ಪಾ?"