ಬೇಕರಿ ಕೂಸಪ್ಪನ ಮಗಳ ಸಮವಸ್ತ್ರ

ಕೊಡಗಿನ ಸುಂಟಿಕೊಪ್ಪದ ಬೇಕರಿ ಕೂಸಪ್ಪನ ಮಗಳು ಕವನಾಳಿಗೆ ನಾಲ್ಕನೇ ತರಗತಿಯಲ್ಲಿ ಹೊಲಿಸಿದ ಸಮವಸ್ತ್ರ ಆರನೇ ತರಗತಿಯಲ್ಲೂ ಸರಿಯಾಗಿಯೇ ಆಗುತ್ತಿತ್ತು.

ಪಕ್ಕದ ಮನೆಯ ಗಂಗಮ್ಮ ಇದನ್ನು ಭಾಗ್ಯವೆಂದೇ ತಿಳಿದಿದ್ದರು. "ನಿಂಗೆ ಅದೃಷ್ಟ ಉಂಟು ಪ್ರೇಮಾ. ನನ್ನ ಮೊಮ್ಮಗನಿಗೆ ದಸರಾ ರಜೆ ಮುಗಿಯೋದ್ರೊಳಗೆ ಚಡ್ಡಿ ಗಿಡ್ಡ ಆಗ್ತದೆ. ನಿನ್ನ ಮಗಳಿಗೆ ಬಟ್ಟೆ ಖರ್ಚೇ ಇಲ್ಲ."

ಕವನಾಳ ತಾಯಿ ಪ್ರೇಮಾವತಿ ನಕ್ಕಳು. ಆದರೆ ಮಗಳ ಲಂಗದ ಅಂಚು ಎರಡು ವರ್ಷದಿಂದ ಒಂದೇ ಜಾಗದಲ್ಲಿ ನಿಂತಿರುವುದು ಅವಳಿಗೂ ಕಂಡಿತ್ತು. ಕವನಾಳ ಹೊಟ್ಟೆ ಆಗಾಗ ಉಬ್ಬರಿಸುತ್ತಿತ್ತು. ಒಂದು ವಾರ ಸರಿ ಇದ್ದರೆ ಮತ್ತೊಂದು ವಾರ ಭೇದಿ. ಜಂತುಹುಳದ ಮಾತ್ರೆ ಆಯಿತು. ಕಬ್ಬಿಣದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರಲಿಲ್ಲ. ಶಾಲೆಯ ಹಾಕಿ ಮೈದಾನದಲ್ಲಿ ಒಂದು ಸುತ್ತು ಓಡಿದರೆ ಕೋಲು ಊರಿಕೊಂಡು ಕೂತುಬಿಡುತ್ತಿದ್ದಳು. "ಮೊದಲು ಮೈಗೆ ಬಲ ಬರ್ಲಿ, ಆಮೇಲೆ ತಂಡಕ್ಕೆ ಸೇರಿಸ್ತೇನೆ" ಎಂದು ಆಟದ ಮೇಷ್ಟ್ರು ಹೇಳಿದ್ದರು. ಆ ದಿನ ಕವನಾ ಮನೆಗೆ ಬಂದು ಹಾಕಿ ಕೋಲನ್ನು ಬಾಗಿಲ ಹಿಂದೆ ಇಟ್ಟವಳು ಮತ್ತೆ ಮುಟ್ಟಿರಲಿಲ್ಲ.

ಕೂಸಪ್ಪನ ಪ್ರಕಾರ ಮಗಳು ಸರಿಯಾಗಿ ತಿನ್ನುವುದಿಲ್ಲ, ಅಷ್ಟೆ. ಅದಕ್ಕೆ ಅವನ ಬಳಿ ಮದ್ದೂ ಇತ್ತು. ಪ್ರತಿ ಸಂಜೆ ಬೇಕರಿಯಿಂದ ಬಿಸಿ ಬನ್ನು ತಂದು, ಬೆಣ್ಣೆ ಸವರಿ, ಎದುರು ಕೂತು ತಿನ್ನಿಸುತ್ತಿದ್ದ.

ಒಂದು ಭಾನುವಾರ ಪ್ರೇಮಾವತಿಯ ಚಿಕ್ಕಮ್ಮನ ಮಗಳು ವಿನುತಾ ಮನೆಗೆ ಬಂದಳು. ಅವಳು ಮಡಿಕೇರಿಯಲ್ಲಿ ನರ್ಸ್. ಕವನಾಳನ್ನು ಹತ್ತಿರ ಕರೆದು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಲಂಗದ ವಿಷಯ ಕೇಳಿದಳು. ಕೊನೆಗೆ ಹೇಳಿದಳು, "ಅಕ್ಕ, ಇವಳಿಗೆ ಸೀಲಿಯಾಕ್ ಕಾಯಿಲೆ ಉಂಟಾ ಅಂತ ಒಮ್ಮೆ ನೋಡಿಸ್ಬೇಕು."

"ಅದೆಂತ ಹೊಸತು?" ಕೂಸಪ್ಪ ಕೇಳಿದ.

"ಹೊಸತಲ್ಲ ಬಾವ, ನಾವು ಕೇಳಿರೋದು ಕಡಿಮೆ. ಗೋಧಿ, ಬಾರ್ಲಿ, ರೈ ಅನ್ನೋ ಧಾನ್ಯ, ಈ ಮೂರರಲ್ಲಿ ಗ್ಲುಟೆನ್ ಅಂತ ಒಂದು ಪ್ರೋಟೀನ್ ಉಂಟು. ಕೆಲವರಿಗೆ ಅದು ಒಳಗೆ ಹೋದ್ರೆ ದೇಹವನ್ನ ಕಾಯೋ ಶಕ್ತಿ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳ್ತದೆ. ಸಣ್ಣ ಕರುಳಿನ ಒಳಗಡೆ ಹೊಸ ಟವೆಲ್ಲಿನ ಹಾಗೆ ಸಣ್ಣ ಸಣ್ಣ ಎಳೆ ಇರ್ತವೆ. ತಿಂದದ್ದನ್ನ ಹೀರೋದು ಅವೇ. ಅವು ಸವೆದ್ರೆ ಎಷ್ಟು ತಿಂದರೂ ಮೈಗೆ ಹತ್ತಲ್ಲ. ರಕ್ತ ಏರಲ್ಲ, ಎತ್ತರ ಏರಲ್ಲ."

"ಅಂದ್ರೆ ಊರಿಗೆಲ್ಲ ಬನ್ನು ಕೊಟ್ಟವನ ಮಗಳಿಗೆ ಬನ್ನು ಆಗಲ್ಲ ಅಂತೀಯಾ? ನಾಳೆ ಮೀನು ಮಾರೋನ ಮಗನಿಗೆ ಮೀನು ಕಂಡ್ರೆ ಜ್ವರ ಅಂತೀಯ."

"ನಾನು ಹೇಳೋದಲ್ಲ ಬಾವ, ರಕ್ತ ಪರೀಕ್ಷೆ ಹೇಳ್ತದೆ. ಇಲ್ಲ ಅಂತ ಬಂದ್ರೆ ನಾನೇ ನಿಮ್ಮ ಬೇಕರಿ ಎದುರು ನಿಂತು ಬನ್ನು ಮಾರ್ತೇನೆ."

"ಆಯ್ತು, ಒಂದು ದಿನದ ಸಂಬಳ ಕೊಡ್ತೇನೆ" ಎಂದು ಕೂಸಪ್ಪ ನಕ್ಕು ಎದ್ದುಹೋದ.

ಪ್ರೇಮಾವತಿ ನಗಲಿಲ್ಲ. ಮಾರನೆಯ ದಿನದಿಂದ ಮಗಳಿಗೆ ಬನ್ನು, ಚಪಾತಿ, ಬಿಸ್ಕತ್ತು ಎಲ್ಲ ನಿಲ್ಲಿಸಿದಳು. ಕೆಲವೇ ದಿನಗಳಲ್ಲಿ ಕವನಾಳ ಹೊಟ್ಟೆ ಇಳಿಯಿತು. ಭೇದಿಯೂ ನಿಂತಿತು.

"ಗುಣ ಆಯ್ತಲ್ಲ, ಇನ್ನು ಸೂಜಿ ಎಂತಕ್ಕೆ?" ಎಂದ ಕೂಸಪ್ಪ. ಪ್ರೇಮಾವತಿಗೂ ಹಾಗೆಯೇ ಅನ್ನಿಸಿತು. ಸಂತೋಷದಿಂದ ವಿನುತಾಳಿಗೆ ಫೋನ್ ಮಾಡಿದಳು.

"ಅಕ್ಕ, ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಿದಿಯಾ?"

"ಮತ್ತೆ? ನೀನೇ ಹೇಳ್ದೆಯಲ್ಲ, ಆಗಲ್ಲ ಅಂತ."

"ಇರಬಹುದು ಅಂದೆ. ಈ ಕಾಯಿಲೆ ಇದ್ದವರು ಗ್ಲುಟೆನ್ ತಿಂದಾಗ ದೇಹ ತಯಾರು ಮಾಡೋ ಪ್ರತಿಕಾಯವನ್ನ ರಕ್ತದಲ್ಲಿ ಹುಡುಕೋದು ಈ ಪರೀಕ್ಷೆ. ಗೋಧಿ ನಿಲ್ಲಿಸಿದ್ರೆ ಅದು ಇಳೀತಾ ಬರ್ತದೆ. ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು."

"ಹೊಟ್ಟೆ ಸರಿ ಆದದ್ದು ಸಾಕಲ್ವಾ?"

"ಸಾಲದು ಅಕ್ಕ. ಹೊಟ್ಟೆ ಬೇರೆ ಕಾರಣಕ್ಕೂ ಸರಿ ಆಗಿರಬಹುದು. ಇದು ಇದ್ರೆ ಜೀವಮಾನ ಪೂರ್ತಿ ಪಥ್ಯ. ಬರೀ ಅಂದಾಜಿನ ಮೇಲೆ ಮಗುವಿಗೆ ಅಷ್ಟು ದೊಡ್ಡ ಪಥ್ಯ ಹಾಕ್ಬಾರ್ದು. ಇದ್ದರೆ ಅರ್ಧಂಬರ್ಧ ಮಾಡೋಕೂ ಬಾರ್ದು."

ಮಕ್ಕಳ ವೈದ್ಯರೂ ಅದನ್ನೇ ಹೇಳಿದರು. ಕೆಲವು ವಾರ ಕವನಾ ಮೊದಲಿನಂತೆ ದಿನವೂ ಗೋಧಿ ತಿನ್ನಬೇಕು, ಅವರು ಗಮನಿಸುತ್ತಾರೆ, ತುಂಬ ತೊಂದರೆಯಾದರೆ ಕೂಡಲೇ ಬರಬೇಕು, ಆಮೇಲೆ ರಕ್ತ ಪರೀಕ್ಷೆ. ಕೂಸಪ್ಪನ ಖುಷಿಗೆ ಮಿತಿ ಇರಲಿಲ್ಲ. "ಡಾಕ್ಟ್ರೇ ನನ್ನ ಬನ್ನು ಬರೆದುಕೊಟ್ಟಿದ್ದಾರೆ. ಇನ್ನು ಬೇಕರಿಗೆ ಔಷಧಿ ಅಂಗಡಿ ಅಂತ ಬೋರ್ಡ್ ಹಾಕ್ತೇನೆ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ.

ಆದರೆ ಕವನಾಳ ಹೊಟ್ಟೆ ಮತ್ತೆ ಉಬ್ಬತೊಡಗಿತು. ಬನ್ನು ಕೊಡುವಾಗ ಕೂಸಪ್ಪನ ತಮಾಷೆ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಪರೀಕ್ಷೆಯ ದಿನ ಬಂದಾಗ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಂತವನು ಅವನೇ.

ರಕ್ತದಲ್ಲಿ 'ಟಿಟಿಜಿ ಐಜಿಎ' ಎಂಬ ಪ್ರತಿಕಾಯವನ್ನು ನೋಡಿದರು. ಜೊತೆಗೆ ದೇಹದಲ್ಲಿ ಐಜಿಎ ಜಾತಿಯ ಪ್ರತಿಕಾಯ ಒಟ್ಟು ಎಷ್ಟಿದೆ ಎಂದೂ ನೋಡಿದರು. ಕೆಲವರಲ್ಲಿ ಅದೇ ಹುಟ್ಟಿನಿಂದ ಕಡಿಮೆ ಇರುತ್ತದೆ, ಆಗ ಮೊದಲನೆಯ ಫಲಿತಾಂಶವನ್ನು ನಂಬಲಾಗುವುದಿಲ್ಲ. ಕವನಾಳ ಟಿಟಿಜಿ ಬಹಳ ಹೆಚ್ಚಿತ್ತು. ಖಚಿತಪಡಿಸಿಕೊಳ್ಳಲು ಮೈಸೂರಿನ ಹೊಟ್ಟೆ ತಜ್ಞರು ಎಂಡೋಸ್ಕೋಪಿ ಮಾಡಬೇಕೆಂದರು. ಬಾಯಿಯ ಮೂಲಕ ತೆಳುವಾದ ಟ್ಯೂಬ್ ಇಳಿಸಿ ಸಣ್ಣ ಕರುಳಿನಿಂದ ಚೂರು ಮಾದರಿ ತೆಗೆಯುವುದು.

"ಟ್ಯೂಬಲ್ಲಿ ಕ್ಯಾಮೆರಾ ಉಂಟಾ ಚಿಕ್ಕಮ್ಮ?" ಕವನಾ ಕೇಳಿದಳು.

"ಉಂಟು. ನಿಂಗೆ ಮಂಪರು ಬರೋ ಔಷಧಿ ಕೊಡ್ತಾರೆ, ಏನೂ ಗೊತ್ತಾಗಲ್ಲ."

"ಅಯ್ಯೋ, ಹಾಗಾದ್ರೆ ನಾನು ನೋಡೋದು ಯಾವಾಗ?"

ಎಂಡೋಸ್ಕೋಪಿ ಮುಗಿಸಿ ಸಂಜೆಯೇ ಮನೆಗೆ ಕಳುಹಿಸಿದರು. ಆಮೇಲೆ ಬಂದ ಮಾದರಿಯ ವರದಿಯೂ ಅದನ್ನೇ ಹೇಳಿತು. ಸೀಲಿಯಾಕ್ ಕಾಯಿಲೆ.

ಕೂಸಪ್ಪ ಆ ದಿನ ಊಟಕ್ಕೆ ಕೂರಲಿಲ್ಲ. "ನಾನೇ ಅಲ್ವಾ ದಿನಾ ತಿನ್ನಿಸಿದ್ದು" ಎಂದ.

ವಿನುತಾ ಅವನ ಪಕ್ಕ ಬಂದು ಕೂತಳು. "ಬಾವ, ಇದಕ್ಕೆ ಒಳಗಾಗೋ ಗುಣ ಹುಟ್ಟಿನಿಂದಲೇ ಬಂದಿರ್ತದೆ. ಆ ಗುಣ ಇಲ್ಲದ ಮಕ್ಕಳು ನಿಮ್ಮ ಇಡೀ ಬೇಕರಿ ತಿಂದ್ರೂ ಇದು ಬರಲ್ಲ. ಯಾರ ತಪ್ಪೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಅಲ್ಲ. ಆದ್ರೆ ಮನೆಯಲ್ಲಿ ಒಬ್ಬರಿಗಿದ್ರೆ ಅಪ್ಪ, ಅಮ್ಮ, ಒಡಹುಟ್ಟಿದವರೂ ಪರೀಕ್ಷೆ ಮಾಡಿಸ್ಕೊಳ್ಬೇಕು. ನೀವಿಬ್ಬರೂ ಬನ್ನಿ."

"ನನ್ನ ರಕ್ತ ತೆಗೆದ್ರೆ ಮೈದಾನೇ ಬರೋದು."

"ಬರಲಿ, ಜರಡಿ ಹಿಡೀತೇನೆ."

ಇಬ್ಬರದೂ ಸರಿಯಾಗಿಯೇ ಬಂತು. ಮುಂದೆ ತೊಂದರೆ ಕಂಡರೆ ಮತ್ತೆ ಪರೀಕ್ಷಿಸಬೇಕಾಗಬಹುದು ಎಂದು ವೈದ್ಯರು ಎಚ್ಚರಿಸಿದರು.

ಇನ್ನು ಪ್ರೇಮಾವತಿಗೆ ಉಳಿದದ್ದು ಊಟದ ಚಿಂತೆ. "ಗೋಧಿ ಇಲ್ಲದೆ ಮಗು ಎಂತ ತಿನ್ನೋದು ವಿನು?"

"ಬೆಳಿಗ್ಗೆ ಎಂತ ಮಾಡಿದ್ದಿ ಅಕ್ಕ?"

"ಕಡುಬು, ಅಕ್ಕಿ ತರಿಯದ್ದು."

"ನಿನ್ನೆ?"

"ಅಕ್ಕಿರೊಟ್ಟಿ, ಎಳೆಬಿದಿರ ಕಣಿಲೆ ಸಾರು."

"ಮೊನ್ನೆ?"

"ನೂಪುಟ್ಟು ಒತ್ತಿದ್ದೆ. ಆ ಶಾವಿಗೆಯೂ ಅಕ್ಕಿದೇ." ಪ್ರೇಮಾವತಿ ಅಲ್ಲಿಗೆ ನಿಲ್ಲಿಸಿದಳು. ಅವಳಿಗೇ ನಗು ಬಂತು.

"ಬೇರೆ ಊರಿನವರು ಗೋಧಿ ಬಿಟ್ಟು ಎಂತ ತಿನ್ನೋದು ಅಂತ ತಲೆ ಕೆಡಿಸ್ಕೊಳ್ತಾರೆ. ಕೊಡಗಿನ ಅಡುಗೆಮನೆಗೆ ಆ ಕಷ್ಟ ಅರ್ಧಕ್ಕರ್ಧ ಇಲ್ಲ. ಅಕ್ಕಿ, ರಾಗಿ, ಜೋಳ, ಬೇಳೆ, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮೀನು, ಮಾಂಸ, ಎಲ್ಲ ತಿನ್ನಬಹುದು. ಆದ್ರೆ ಕಳ್ಳ ದಾರಿಯಲ್ಲಿ ಬರೋ ಗೋಧಿ ಮೇಲೆ ಕಣ್ಣಿಡ್ಬೇಕು. ಉಪ್ಪಿಟ್ಟಿನ ರವೆ ಗೋಧಿದು. ಅಂಗಡಿ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಸೇರಿಸಿರ್ತಾರೆ. ಹಾಲಿಗೆ ಹಾಕೋ ಮಾಲ್ಟ್ ಪುಡಿ ಬಾರ್ಲಿದು. ಸೋಯಾ ಸಾಸ್‌ನಲ್ಲೂ ಗೋಧಿ ಇರ್ತದೆ. ಪೊಟ್ಟಣದ ಹಿಂದೆ ಓದಿಯೇ ತರ್ಬೇಕು."

"ಸತ್ಯನಾರಾಯಣ ಪೂಜೆ ಪ್ರಸಾದ?"

"ರವೆದಾದ್ರೆ ಬೇಡ. ಬಾಳೆಹಣ್ಣು, ತೀರ್ಥ ತಗೊಳ್ಳಲಿ. ದೇವರಿಗೆ ಗೊತ್ತಾಗ್ತದೆ."

ಗೋಧಿ ಬಿಟ್ಟ ಮೇಲೆ ಕವನಾ ಚುರುಕಾದಳು. ಹಾಕಿ ಕೋಲು ಬಾಗಿಲ ಹಿಂದಿನಿಂದ ಹೊರಗೆ ಬಂತು. ಮನೆಯಲ್ಲಿ ಎಲ್ಲರೂ ಹಗುರಾದರು. ಆದರೆ ಕೆಲವು ವಾರದ ಮೇಲೆ ಮತ್ತೆ ಹೊಟ್ಟೆನೋವು, ಮತ್ತೆ ಭೇದಿ. ಪ್ರೇಮಾವತಿ ಇಂಗಿನ ಡಬ್ಬ ಎಸೆದಿದ್ದಳು. ಬಿಸ್ಕತ್ತು ಮನೆಗೆ ಬಂದಿರಲಿಲ್ಲ. ಎಲ್ಲಿ ತಪ್ಪಿತೆಂದು ತಿಳಿಯದೆ ವಿನುತಾಳನ್ನು ಕರೆಸಿದಳು.

ಬೆಳಗಿನ ತಿಂಡಿಯ ಹೊತ್ತಿಗೆ ವಿನುತಾ ಅಡುಗೆಮನೆಯ ಮಣೆಯ ಮೇಲೆ ಕೂತಳು. ಪ್ರೇಮಾವತಿ ಅನ್ನ ಮತ್ತು ಅಕ್ಕಿಹಿಟ್ಟು ಸೇರಿಸಿ ನಾದಿ ಉಂಡೆ ಮಾಡಿಕೊಡುತ್ತಿದ್ದಳು. ರೊಟ್ಟಿ ಲಟ್ಟಿಸುವುದು ಕೂಸಪ್ಪ. ಮಗಳಿಗೆ ಬನ್ನು ಕೊಡಲಾಗದ ಮೇಲೆ, ಬೇಕರಿಗೆ ಹೋಗುವ ಮೊದಲು ಅವಳ ರೊಟ್ಟಿಯನ್ನು ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದ. ಅವನ ರೊಟ್ಟಿ ಹೆಂಡತಿಯ ರೊಟ್ಟಿಗಿಂತ ತೆಳು, ಗುಂಡಗೆ. ಉಂಡೆಯನ್ನು ಲಟ್ಟಿಸುವ ಮಣೆಯ ಮೇಲಿಟ್ಟ. ಪಕ್ಕದ ಡಬ್ಬಕ್ಕೆ ಕೈ ಹಾಕಿದ. ಚಿಟಿಕೆ ಹಿಟ್ಟು ಉದುರಿಸಿದ. ಲಟ್ಟಣಿಗೆ ಓಡಿತು.

"ಬಾವ, ಉದುರಿಸಿದ್ದು ಎಂತದು?"

"ಯಾವುದು?"

"ನಿಮ್ಮ ಬೆರಳಲ್ಲಿ ಇರೋದು."

ಕೂಸಪ್ಪ ತನ್ನ ಬೆರಳನ್ನು ತಾನೇ ಬೇರೆಯವರದೆಂಬಂತೆ ನೋಡಿದ. ಬೇಕರಿಯಲ್ಲಿ ಯಾವ ಹಿಟ್ಟನ್ನು ಮೇಜಿಗೆ ಹಾಕುವಾಗಲೂ ಮೊದಲು ಮೈದಾ ಉದುರಿಸುವುದು ಅವನ ಕೈಗೆ ಅಂಟಿದ ಅಭ್ಯಾಸ. ಅಂಟದ ಹಾಗೆ ಇರಲೆಂದು ಬೇಕರಿಯಿಂದ ಒಂದು ಡಬ್ಬ ಮೈದಾ ಮನೆಗೂ ತಂದಿಟ್ಟಿದ್ದ.

"ಚಿಟಿಕೆ ಅಷ್ಟೆ" ಎಂದ, ಅವನಿಗೇ ಕೇಳಿಸದ ದನಿಯಲ್ಲಿ.

"ಮೈದಾನೂ ಗೋಧಿದೇ, ಚಿಟಿಕೆಯೂ ಆಗಲ್ಲ ಬಾವ. ಕರುಳಿಗೆ ತೂಕ ಗೊತ್ತಾಗಲ್ಲ, ಗೋಧಿ ಬಂತು ಅಂತ ಮಾತ್ರ ಗೊತ್ತಾಗ್ತದೆ."

ಕವನಾ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. "ಅಪ್ಪ, ನಾನು ಬೇಕರಿಗೆ ಬರೋದು ಬಿಟ್ಟೆ ಅಂತ ಬೇಕರಿನೇ ಮನೆಗೆ ತಂದ್ಯಾ?"

ಮೊದಲು ನಕ್ಕವಳು ಪ್ರೇಮಾವತಿ. ಕೂಸಪ್ಪನೂ ನಕ್ಕ, ಕಣ್ಣು ಒರೆಸಿಕೊಂಡ. ಆ ಡಬ್ಬ ಅಂದೇ ಬೇಕರಿಗೆ ವಾಪಸಾಯಿತು. ಕವನಾಳಿಗೆ ಹೊಸ ಮಣೆ, ಹೊಸ ಲಟ್ಟಣಿಗೆ, ಬೇರೆ ಜರಡಿ, ಬೇರೆ ಕಾವಲಿ ಬಂದವು. ಗೋಧಿ ಬೀಸುವ ಮಿಲ್ಲಿಗೆ ಅಕ್ಕಿ ಕಳುಹಿಸುವುದು ನಿಂತಿತು. ಅಕ್ಕಿ ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿದರು. ಕೂಸಪ್ಪ ಬೇಕರಿಯಿಂದ ಬಂದರೆ ಬಟ್ಟೆ ಬದಲಿಸಿ, ಸೋಪು ಹಾಕಿ ಕೈ ತೊಳೆದೇ ಅಡುಗೆಮನೆಗೆ ಕಾಲಿಡುತ್ತಿದ್ದ. ಪೂರಿ ಕರಿದ ಎಣ್ಣೆಯಲ್ಲಿ ಮಗಳ ಹಪ್ಪಳ ಕರಿಯಲು ಬಿಡುತ್ತಿರಲಿಲ್ಲ.

ಸುಗ್ಗಿಯ ಹುತ್ತರಿ ಹಬ್ಬಕ್ಕೆ ಹೊಸ ಅಕ್ಕಿಯ ಪಾಯಸ, ಬಾಳೆಹಣ್ಣು ಬೆರೆಸಿದ ಅಕ್ಕಿಯ ತಂಬಿಟ್ಟು. ಕವನಾ ಎಲ್ಲರ ಜೊತೆ ಕೂತು, ಯಾವುದನ್ನೂ ಬೇಡ ಎನ್ನದೆ, ಎರಡನೇ ಸಲ ಬಡಿಸಿಕೊಂಡಳು. ಆಮೇಲಿನ ಪರೀಕ್ಷೆಯಲ್ಲಿ ಟಿಟಿಜಿ ಚೆನ್ನಾಗಿ ಇಳಿದಿತ್ತು. ರಕ್ತ ಏರಿತ್ತು.

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹಿಂದಿನ ದಿನ ಪ್ರೇಮಾವತಿ ಬೀರುವಿನಿಂದ ಸಮವಸ್ತ್ರ ತೆಗೆದು ಮಗಳಿಗೆ ತೊಡಿಸಿದಳು. ಲಂಗ ಮಂಡಿಯಿಂದ ಮೇಲೇ ನಿಂತಿತು. ಎಳೆದರೂ ಕೆಳಗೆ ಬರಲಿಲ್ಲ. ಪ್ರೇಮಾವತಿ ಮಗಳನ್ನು ಹಾಗೇ ಕೈಹಿಡಿದು ಬೇಕರಿಗೆ ಕರೆದುಕೊಂಡು ಹೋದಳು. ಕೂಸಪ್ಪ ಗಿರಾಕಿಗಳನ್ನು ಬಿಟ್ಟು ಹೊರಗೆ ಬಂದು, ಆ ಗಿಡ್ಡ ಲಂಗವನ್ನು ನೋಡುತ್ತ ನಿಂತ.

"ಅಪ್ಪ, ಈ ಲಂಗದಲ್ಲಿ ನಾಳೆ ಶಾಲೆಗೆ ಹೇಗೆ ಹೋಗ್ಲಿ? ಮೇಷ್ಟ್ರು ಹಾಕಿ ಪ್ರಾಕ್ಟೀಸಿಗೂ ಬರೋಕೆ ಹೇಳಿದ್ದಾರೆ."

"ಟೈಲರ್ ಹತ್ರ ಈಗಲೇ ಹೋಗುವ. ಪ್ರೇಮಾ, ಉದ್ದ ಇಟ್ಟು ಹೊಲಿಸಬೇಡ, ವರ್ಷ ವರ್ಷ ಹೊಲಿಸ್ತೇನೆ" ಎಂದ ಕೂಸಪ್ಪ.

ಅಲ್ಲೇ ಬನ್ನು ಕೊಳ್ಳಲು ಬಂದಿದ್ದ ಗಂಗಮ್ಮ ಹತ್ತಿರ ಬಂದರು. "ಕೂಸಪ್ಪ, ನನ್ನ ತಂಗಿ ಮಗಳಿಗೂ ರಕ್ತ ಏರಲ್ಲ, ಯಾವಾಗಲೂ ಸುಸ್ತು. ನಿನ್ನ ಮಗಳ ಹಾಗೆ ಅವಳಿಗೂ ಇವತ್ತಿಂದಲೇ ಗೋಧಿ ನಿಲ್ಲಿಸ್ಲಾ? ನೀನು ಅಕ್ಕಿಹಿಟ್ಟಿನ ಬಿಸ್ಕತ್ತು ಮಾಡಿಕೊಡ್ತೀಯಾ?"

ಕೂಸಪ್ಪ ತಲೆ ಅಲ್ಲಾಡಿಸಿದ. "ಇಲ್ಲಿ ಮಾಡೋದಿಲ್ಲ ಗಂಗಕ್ಕ. ಈ ಮೇಜು, ಈ ಒಲೆ, ಈ ಗಾಳಿ, ಎಲ್ಲದರಲ್ಲೂ ಮೈದಾ ಉಂಟು. ಇಲ್ಲಿ ಮಾಡಿ ಗ್ಲುಟೆನ್ ಇಲ್ಲ ಅಂತ ಮಾರಿದ್ರೆ ಸುಳ್ಳಾಗ್ತದೆ." ಆಮೇಲೆ ಬನ್ನಿನ ಪೊಟ್ಟಣವನ್ನು ಅವರ ಕೈಗೇ ಕೊಟ್ಟ. "ನಿಲ್ಲಿಸೋದೂ ಬೇಡ. ಮೊದಲು ಡಾಕ್ಟ್ರಿಗೆ ತೋರಿಸಿ, ಪರೀಕ್ಷೆ ಮಾಡಿಸ್ಲಿ. ಅಲ್ಲಿವರೆಗೆ ಬನ್ನು ತಿನ್ನಲಿ."

ಓದುತ್ತಿರುವ, ಕೇಳುತ್ತಿರುವ ನೆರೆಹೊರೆಯವರೇ, ಮಗು ಬೆಳೆಯಲಿಲ್ಲ ಎಂದ ಮಾತ್ರಕ್ಕೆ ಅದು ಸೀಲಿಯಾಕ್ ಎಂದಲ್ಲ. ಬಹಳ ಕಾರಣಗಳಿರಬಹುದು. ಆದರೆ ಮಗುವಿನ ಎತ್ತರ ನಿಂತಿದ್ದರೆ, ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ, ಹೊಟ್ಟೆ ಉಬ್ಬರ ಅಥವಾ ಭೇದಿ ಬಿಡದಿದ್ದರೆ, ಈ ಕಾಯಿಲೆಯ ಬಗ್ಗೆಯೂ ವೈದ್ಯರನ್ನು ಕೇಳಿ. ದೊಡ್ಡವರಲ್ಲೂ ಇದು ಕಾಣಿಸಿಕೊಳ್ಳಬಹುದು. ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ. ಕಾಯಿಲೆ ಖಚಿತವಾದ ಮೇಲೆ ಚಿಟಿಕೆಯಷ್ಟನ್ನೂ ಕೊಡಬೇಡಿ, ಗುಣವಾಯಿತೆಂದು ನಡುವೆ ಮತ್ತೆ ಶುರು ಮಾಡಬೇಡಿ. ಇದಕ್ಕೆ ಮದ್ದು ಊಟವೇ, ಮತ್ತು ಆ ಊಟದ ಬಹುಪಾಲು ನಮ್ಮ ಮನೆಯ ಅಕ್ಕಿ ಡಬ್ಬದಲ್ಲಿಯೇ ಇದೆ.

ಈ ವರ್ಷ ನಿಮ್ಮ ಮಗುವಿನ ಹಳೆಯ ಸಮವಸ್ತ್ರವನ್ನು ಒಮ್ಮೆ ತೊಡಿಸಿ ನೋಡಿ. ಗಿಡ್ಡವಾಗಿದ್ದರೆ ಸಂತೋಷಪಡಿ. ಆಗಿರದಿದ್ದರೆ ಖರ್ಚು ಉಳಿಯಿತೆಂದು ಸುಮ್ಮನಿರಬೇಡಿ.