ನಿಂತ ನೀರಿನ ಬಣ್ಣ

ನಾನು ಸುಳ್ಳು ಹೇಳಿದರೆ ಜನ ಗಂಭೀರವಾಗಿ ತಲೆಯಾಡಿಸುತ್ತಾರೆ. ನಿಜ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಈಗ ಹೇಳುವುದು ನಿಜ. ಹೊಟ್ಟೆ ನಿಮ್ಮದು, ಹಿಡಿದುಕೊಳ್ಳುವುದೂ ಬಿಡುವುದೂ ನಿಮಗೆ ಸೇರಿದ್ದು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂಭಾಗದಲ್ಲಿ, ತಗಡಿನ ಸೂರಿನ ಕೆಳಗೆ, ಕೊಳಕು ನೀರನ್ನು ತಿಳಿ ಮಾಡುವುದು ನನ್ನ ಕೆಲಸ. ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಶಾಸ್ತ್ರಕ್ಕೆ ಮಾತ್ರ ಓದಿದವನು ನಾನು. ಮನಸ್ಸಿಟ್ಟು ಕಲಿತದ್ದು ಮೇಷ್ಟರ ಕೆಮ್ಮು ಮತ್ತು ಪ್ರಿನ್ಸಿಪಾಲರ ಗೊಗ್ಗರು ದನಿ. ಮೊದಲೆಲ್ಲ ತೊಟ್ಟಿಗೆ ಪಟಿಕ, ಸುಣ್ಣ ಸುರಿದು ಕಲಕಿದರೆ ಸಾಕಿತ್ತು. ಬಣ್ಣ ಒಡೆದ ಹಾಲಿನಂತೆ ಗರಣೆಗಟ್ಟಿ ತಳ ಸೇರುತ್ತಿತ್ತು. ಆಮೇಲೆ ಹೊಸ ಬಗೆಯ ಬಣ್ಣಗಳು ಬಂದವು ನೋಡಿ, ಅವು ಪಟಿಕಕ್ಕೆ ಕ್ಯಾರೇ ಅನ್ನಲಿಲ್ಲ. ನೀರು ಬಂದ ಬಣ್ಣದಲ್ಲೇ ಹಿಂದಿನ ಚರಂಡಿಗೆ ಹೊರಟಿತು.

ಆ ಚರಂಡಿ ಹರಿಯುವುದು ನನ್ನ ಅಕ್ಕನ ಅಡುಗೆಮನೆಯ ಕಿಟಕಿಯ ಕೆಳಗೆ. ನಾನಿರುವುದೂ ಅದೇ ಮನೆಯಲ್ಲಿ.

"ಇವತ್ತು ನೇರಳೆ ಕಣೋ. ನಿಮ್ಮ ಯಜಮಾನರಿಗೆ ಪರದೆ ಬಟ್ಟೆ ಆರ್ಡರ್ ಸಿಕ್ತಾ?" ಎಂದು ಅಕ್ಕ ಕೇಳುತ್ತಿದ್ದಳು. ಹೀಗೆ ನಗಿಸುತ್ತಲೇ ಕಿಟಕಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊಡೆದಳು. ನೀರಿನ ಘಾಟಿಗೆ ಅವಳ ಮಗಳ ಕೆಮ್ಮು ನಿಲ್ಲುತ್ತಿರಲಿಲ್ಲ. ಹಗಲಲ್ಲೂ ದೀಪ ಹಾಕಿಕೊಂಡೇ ಅಡುಗೆ. ಮಗು ಮಾತ್ರ ಆ ಹಾಳೆಗೆ ಮೂಗೊತ್ತಿ, ಹೊರಗೆ ಯಾವ ಬಣ್ಣ ಎಂದು ಊಹಿಸುತ್ತಿತ್ತು.

ಕೊನೆಗೆ ಯಜಮಾನರು ಒಂದು ಪೆಟ್ಟಿಗೆ ತರಿಸಿದರು. ಒಳಗೆ ಸಾಲಾಗಿ ಕಬ್ಬಿಣದ ಪ್ಲೇಟುಗಳು. ಕರೆಂಟು ಹರಿಸಿದರೆ ಕಬ್ಬಿಣ ತಾನೇ ಸ್ವಲ್ಪಸ್ವಲ್ಪ ಕರಗಿ ಬಣ್ಣವನ್ನು ಹಿಡಿದು ಗಡ್ಡೆ ಕಟ್ಟುತ್ತದೆ. ಪಟಿಕ ಸುರಿಯುವ ಗೋಜಿಲ್ಲ. ಪ್ರಯೋಗ ಮುಗಿಯುವವರೆಗೆ ಬಣ್ಣದ ನೀರನ್ನೆಲ್ಲ ದೊಡ್ಡ ತೊಟ್ಟಿಯಲ್ಲಿ ತಡೆದಿಟ್ಟೆವು. ಚರಂಡಿ ಒಣಗಿತು.

ಪೆಟ್ಟಿಗೆಯಿಂದ ಬಂದ ನೀರು ನಿಜಕ್ಕೂ ತಿಳಿ. ಆದರೆ ಅದನ್ನು ಗಾಜಿನ ಬೀಕರಿನಲ್ಲಿ ತುಂಬಿ ಕಾರ್ಖಾನೆಯ ಕಿಟಕಿಯ ಮೇಲಿಟ್ಟು ಹೋದರೆ ಬೆಳಗಿನ ಹೊತ್ತಿಗೆ ಚಹಾದ ಬಣ್ಣ! ನೀರಿನಲ್ಲಿ ಉಳಿದ ಕಬ್ಬಿಣ ಗಾಳಿ ತಾಕಿದೊಡನೆ ತುಕ್ಕಾಗುತ್ತಿತ್ತು. ನಾವೇ ಮುಂಚಿತವಾಗಿ ನೀರಿಗೆ ಗಾಳಿ ಊದಿದರೆ ಆ ತುಕ್ಕು ಒಳಗಿನ ತೊಟ್ಟಿಯಲ್ಲೇ ಕೂತುಬಿಡುತ್ತದೆ. ಊದುವ ಬ್ಲೋವರಿನ ಮೋಟರು ಮಾತ್ರ ಸುಟ್ಟುಕೊಂಡು ಕೂತಿತ್ತು. ಹೊಸದು ಕೇಳಿದರೆ ಯಜಮಾನರು ಮೂಗಿನಿಂದ, "ಮೊದಲು ನೀರು ತೋರ್ಸಿ, ಆಮೇಲೆ ಮೋಟರು" ಅನ್ನುತ್ತಿದ್ದರು. ಈ ಮಾತನ್ನು ಅವರದೇ ದನಿಯಲ್ಲಿ ನಾನು ಅವರಿಗಿಂತ ಚೆನ್ನಾಗಿ ಅನ್ನುತ್ತಿದ್ದೆ.

ಸುಟ್ಟ ಮೋಟರಿಗೆ ತಂತಿ ಸುತ್ತಿಕೊಡುವವನು ನಮ್ಮ ಎಲೆಕ್ಟ್ರಿಷಿಯನ್, ಕರೆಂಟಣ್ಣ. ಒಮ್ಮೆ ನಾನು ಯಜಮಾನರ ದನಿಯಲ್ಲಿ ಫೋನ್ ಮಾಡಿ ಅವನನ್ನು ಸುಡುಬಿಸಿಲಲ್ಲಿ ತಗಡಿನ ಮೇಲೆ ಹತ್ತಿಸಿದ್ದೆ. ಇಳಿದು ಬಂದವನು, "ನೋಡ್ತಿರು ಮಗನೇ, ನಿನಗೂ ಒಂದಿನ ಶಾಕ್ ಕೊಡ್ತೀನಿ" ಎಂದಿದ್ದ.

"ಈ ವಾರ ನೀರು ತಿಳಿಯಾಗ್ಲಿಲ್ಲ ಅಂದ್ರೆ ಪೆಟ್ಟಿಗೆ ಗುಜರಿಗೆ. ತೊಟ್ಟಿ ತುಂಬಿದೆ, ಚರಂಡಿ ವಾಲ್ವ್ ತೆಗೀತೀನಿ," ಎಂದು ಯಜಮಾನರು ಹೇಳಿದ ಸಂಜೆಯೇ ಕರೆಂಟಣ್ಣ ತಂತಿ ಸುತ್ತಿದ ಮೋಟರು ತಂದು ಕೂರಿಸಿದ. ಬ್ಲೋವರು ಗೊರಗೊರ ಎಂದು ಎಷ್ಟೋ ಹೊತ್ತು ಊದಿತು. ನಾನು ಎಂದಿನಂತೆ ಬೀಕರು ತುಂಬಿ ಕಿಟಕಿಯ ಮೇಲಿಟ್ಟು ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ನೀರು ನೀರಾಗಿಯೇ ಇತ್ತು. ಬೀಕರನ್ನು ಬೆಳಕಿಗೆ ಹಿಡಿದೆ. ಆಚೆ ಕಡೆಯ ನನ್ನ ಬೆರಳಿನ ಗೆರೆಗಳೆಲ್ಲ ಕಂಡವು. ಬಾಗಿಲಲ್ಲಿ ಕರೆಂಟಣ್ಣ ಮೀಸೆಯಡಿ ನಗುತ್ತ ನಿಂತಿದ್ದ. ನನ್ನ ಖುಷಿಗೆ ಖುಷಿಪಡುತ್ತಿದ್ದಾನೆ ಅಂದುಕೊಂಡೆ. ಅವನು ಬಾಯಿ ತೆರೆಯುವ ಮುಂಚೆ ಅವನನ್ನು ತಬ್ಬಿಕೊಂಡು, ಬೀಕರು ಹಿಡಿದು ಯಜಮಾನರ ಕೋಣೆಗೆ ಓಡಿದೆ.

"ನಾಳೆ ಬಂದು ನಾನೇ ನೋಡ್ತೀನಿ," ಎಂದರು.

ಅಕ್ಕನಿಗೆ ಫೋನಿನಲ್ಲೇ ಹೇಳಿದೆ. ಸಂಜೆ ಮನೆಗೆ ಹೋದರೆ ಅವಳು ಸ್ಟೂಲಿನ ಮೇಲೆ ನಿಂತು ಕಿಟಕಿಯ ಮೊಳೆ ಕೀಳುತ್ತಿದ್ದಳು. ಪ್ಲಾಸ್ಟಿಕ್ ಹಾಳೆ ಬಿದ್ದ ಮೇಲೆ ಬಿಸಿಲು ಒಲೆಯವರೆಗೂ ಬಂತು. ಪಾತ್ರೆಗಳ ಮೇಲಿನ ಮಸಿ ಅಷ್ಟೊಂದಿದೆ ಅಂತ ನಮಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆ ದಿನ ಮಗು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.

ಮರುದಿನ ಮಧ್ಯಾಹ್ನ ಯಜಮಾನರು ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಬ್ಲೋವರು ಊದಿತು. ಹೊಸ ಬೀಕರು ತುಂಬಿದೆ, ತಿಳಿ ನೀರು. ಅವರು ಚಹಾ ತರಿಸಿಕೊಂಡು ಫೋನಿನಲ್ಲಿ ಮಾತಾಡತೊಡಗಿದರು. ಮಾತು ಮುಗಿಯುವಷ್ಟರಲ್ಲಿ ಬೀಕರಿನ ಮೇಲುಗಡೆ ಒಂದು ಹಳದಿ ಎಳೆ. ಅದು ನಿಧಾನಕ್ಕೆ ಕೆಳಗಿಳಿಯಿತು. ಕೊನೆಗೆ ಬೀಕರಿಗೂ ಅವರ ಕಪ್ಪಿಗೂ ವ್ಯತ್ಯಾಸ ಉಳಿಯಲಿಲ್ಲ.

"ತಮಾಷೆನಾ?" ಎಂದರು ಯಜಮಾನರು. "ನಿನ್ನ ಮಿಮಿಕ್ರಿಯೆಲ್ಲ ನನ್ನ ಕಿವಿಗೂ ಬಿದ್ದಿದೆ ಕಣಯ್ಯ. ನೀರಿಗೂ ಕಲಿಸಿಬಿಟ್ಯಾ?"

"ಇಲ್ಲ ಸರ್, ನಿನ್ನೆ ನಿಜವಾಗ್ಲೂ..."

"ನಿನ್ನೆ ನಲ್ಲಿ ನೀರು ಸರ್," ಎಂದ ಕರೆಂಟಣ್ಣ ಹಿಂದಿನಿಂದ. "ಮೊನ್ನೆ ರಾತ್ರಿಯೇ ಬೀಕರು ಬದಲಾಯಿಸಿದ್ದೆ. ಬೆಳಿಗ್ಗೆ ಇವನ ಮುಖ ನೋಡಿ ನಗೋಣ ಅಂತ. ಇವನು ತಬ್ಬಿಕೊಂಡುಬಿಟ್ಟ ಸರ್. ಆಮೇಲೆ ಹೇಗೆ ಹೇಳೋದು? ಮೋಟರು ಊದ್ತಾ ಇತ್ತಲ್ಲ, ಇವತ್ತು ಹೇಗೂ ತಿಳಿಯಾಗುತ್ತೆ ಅಂದುಕೊಂಡೆ."

ಮೋಟರು ಊದುತ್ತಿತ್ತು ನಿಜ. ಆದರೆ ತಂತಿ ಸುತ್ತಿದ ಹಳೆಯ ಮೋಟರಿನ ದಮ್ಮು ಅಷ್ಟು ಕಬ್ಬಿಣಕ್ಕೆ ಸಾಲಲಿಲ್ಲ. ನೀರು ತಿಳಿಯಾಗಿದೆ ಎಂದು ಊರಿಗೆಲ್ಲ ಸಾರಿದ ನನಗೆ ನಲ್ಲಿ ನೀರು ಯಾವುದೆಂದು ತಿಳಿದಿರಲಿಲ್ಲ.

ಯಜಮಾನರು ಎದ್ದರು. ಚರಂಡಿಯ ವಾಲ್ವಿಗೆ ಸುತ್ತಿದ್ದ ಸರಪಳಿಯ ಬೀಗದ ಕೈ ಅವರ ಜೇಬಿನಲ್ಲೇ ಇತ್ತು, ಬರುವಾಗಲೇ ತಂದಿದ್ದರು. ಕರೆಂಟಣ್ಣ ನನ್ನ ಕೈ ಹಿಡಿದು, "ಬಯ್ಯೋ, ಒಂದು ಏಟಾದ್ರೂ ಹೊಡಿ," ಎಂದ. ನನಗೆ ಯಾವ ದನಿಯೂ ನೆನಪಾಗಲಿಲ್ಲ.

ನೀರಿಗಿಂತ ಮೊದಲು ಮನೆ ಮುಟ್ಟಬೇಕೆಂದು ಓಡಿದೆ. ಅಕ್ಕ ತೆರೆದ ಕಿಟಕಿಯ ಕಟ್ಟೆಯ ಮೇಲೆ ಮಗುವನ್ನು ಕೂರಿಸಿಕೊಂಡು ತಲೆ ಬಾಚುತ್ತಿದ್ದಳು.

"ಅಕ್ಕಾ, ಕಿಟಕಿ ಮುಚ್ಚು. ನೀರು ಬಿಟ್ರು. ಪೆಟ್ಟಿಗೆ ಗುಜರಿಗಂತೆ."

ಅವಳು ಬಾಚಣಿಗೆ ಹಿಡಿದೇ ತಲೆ ಓರೆ ಮಾಡಿದಳು. "ಇದು ಯಾರ ದನಿ? ಯಜಮಾನರದಲ್ಲ, ಅವರದು ಮೂಗಿಂದ ಬರುತ್ತೆ. ನಿಮ್ಮ ಕರೆಂಟಣ್ಣಂದಾ?"

"ನಂದೇ ಕಣೇ."

"ಅಯ್ಯೋ ಅಳುಮೂತಿ ನೋಡೇ ಪುಟ್ಟಿ, ನಿಮ್ಮ ಮಾವ ಯಾರನ್ನೋ ಹೊಸಬರನ್ನ ಕಲಿತು ಬಂದಿದ್ದಾನೆ!" ಮಗುವೂ ನಕ್ಕಿತು.

"ಅಕ್ಕಾ, ನಿಜ ಹೇಳ್ತಿದೀನಿ. ಆ ಬೀಕರಲ್ಲಿದ್ದಿದ್ದು ನಲ್ಲಿ ನೀರು."

"ನಲ್ಲಿ ನೀರಂತೆ!" ಅವಳಿಗೆ ನಗು ತಡೆಯಲಾಗಲಿಲ್ಲ.

ಆಗ ಕಿಟಕಿಯ ಕೆಳಗೆ ಒಣ ಚರಂಡಿಯಲ್ಲಿ ಕಸಕಡ್ಡಿ ತಳ್ಳಿಕೊಂಡು ಮೊದಲ ನೀರು ಬಂತು. ಗಾಢ ನೇರಳೆ. ಮಗು ಬಗ್ಗಿ ನೋಡಿ ಚಪ್ಪಾಳೆ ತಟ್ಟಿತು, ಆಮೇಲೆ ಕೆಮ್ಮಿತು. ಅಕ್ಕನೂ ಬಗ್ಗಿ ನೋಡಿದಳು.

"ಪಾಪಿ! ನನ್ನ ನಂಬಿಸೋಕೆ ಅಂತ ಬಣ್ಣ ಬೇರೆ ಕಲಸಿ ಚರಂಡಿಗೆ ಸುರಿದು ಬಂದ್ಯೇನೋ?" ಎಂದವಳೇ ಕಿಟಕಿಯ ಸರಳಿಗೆ ಒರಗಿ, ಕಣ್ಣೀರು ಒರೆಸಿಕೊಳ್ಳುತ್ತ, ಬೀದಿಗೆಲ್ಲ ಕೇಳುವಂತೆ ನಕ್ಕಳು.