ಬಲಗಿವಿ

ಮಗಳ ಶಾಲೆಯ ಅಂಗಿ ಹಿಂಡುತ್ತಿದ್ದವಳನ್ನು ಗಂಡ ಭುಜ ಹಿಡಿದು ತನ್ನತ್ತ ತಿರುಗಿಸಿಕೊಂಡ. ಏನೆಂದು ಕೇಳುವುದರೊಳಗೆ ಬಲಗಿವಿಯ ಮೇಲೆ ಏಟು ಬಿತ್ತು. ನಲ್ಲಿಗೆ ಹಣೆ ತಗುಲಿ ಕುಸಿದಳು. ಅವನು ಜಡೆ ಹಿಡಿದು ಎಳೆದ, ಬಕೆಟ್ಟನ್ನು ಒದ್ದ. ಸಾಬೂನಿನ ನೀರು ಅಡುಗೆಮನೆಯವರೆಗೂ ಹರಿಯಿತು.

“ನನ್ನ ಜಾಗದಲ್ಲಿ ನಿಂತ್ಕೋತೀಯೇನೇ?”

ಆಮೇಲಿನ ಬೈಗುಳವೆಲ್ಲ ಎಡಗಡೆಯಿಂದ ಮಾತ್ರ ಕೇಳಿಸಿತು. ಬಲಗಡೆ ಜೀರುಂಡೆ ಹೊಕ್ಕಂತೆ ಗುಂಯ್‌ಗುಟ್ಟುತ್ತಿತ್ತು. ಕೈಯಲ್ಲಿದ್ದ ಅಂಗಿಯಿಂದಲೇ ಕಿವಿ ಒರೆಸಿಕೊಂಡಳು. ಬಿಳಿ ಕಾಲರಿಗೆ ರಕ್ತ ಹತ್ತಿತು. ಬಾಗಿಲಲ್ಲಿ ಮಗಳು ಬ್ರಷ್ ಬಾಯಲ್ಲಿಟ್ಟುಕೊಂಡೇ ನಿಂತಿದ್ದಳು.

ಪೇಟೆಯ ಕುಣಿತದ ಹಾಲ್‌ನಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಟ್ರಾನ್ಸ್ ಸಂಗೀತ, ಬಡಿತ ನಿಲ್ಲದೆ ಹಾಡಿಗೆ ಹಾಡು ಬೆರೆಯುವ ಕುಣಿತದ ಸಂಗೀತ. ಆರು ವರ್ಷ ಅಲ್ಲಿ ಅವನೇ ಡೀಜೆ. ಅವನು ಹಾಡು ಸೇರಿಸಿದರೆ ಎರಡು ಬೆಕ್ಕು ಕಿತ್ತಾಡಿದ ಹಾಗಿರುತ್ತದೆಂದು ಅಲ್ಲಿನ ಯಜಮಾನಿ ಈ ವಾರ ಇವಳನ್ನು ಕರೆದಿದ್ದಳು. ಚೆನ್ನಾಗಿ ನಡೆದರೆ ಭಾನುವಾರಗಳೆಲ್ಲ ಇವಳವು, ಕೆಟ್ಟರೆ ಮತ್ತೆ ಅವನವು.

ವಿದ್ಯೆ ಅವನೇ ಕಲಿಸಿದ್ದು. ಬಲಗಿವಿಗೆ ಹೆಡ್‌ಫೋನ್, ಅದರಲ್ಲಿ ಮುಂದೆ ಬರಬೇಕಾದ ಹಾಡು. ಎಡಗಿವಿ ಹಾಲ್‌ಗೆ, ಅಲ್ಲಿ ಈಗ ಓಡುತ್ತಿರುವ ಹಾಡು. ಎರಡರ ನಡಿಗೆಯೂ ಒಂದಾದ ಮೇಲೇ ಬೆರೆಸಬೇಕು. ಶ್ರುತಿಗೆ ಗಡಿಯಾರದ ಹಾಗೆ ಹನ್ನೆರಡು ಅಂಕಿ. ಎಂಟರಿಂದ ಏಳಕ್ಕೋ ಒಂಬತ್ತಕ್ಕೋ ಸರಿಯಬಹುದು, ಮೂರಕ್ಕೆ ಹಾರಿದರೆ ಹಾಡುಗಳು ಕಚ್ಚಾಡುತ್ತವೆ. ತಪ್ಪಿದಾಗಲೆಲ್ಲ ಅವಳ ಬೆರಳ ಗಂಟಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದ.

ಅರ್ಧ ಗಂಟೆಯ ಮೇಲೆ ಅವನು ಒದ್ದೆ ನೆಲದಲ್ಲೇ ಕೂತು ಅತ್ತ. ಸಿಟ್ಟು ಬಂದರೆ ಕೈ ಎಲ್ಲಿ ಬೀಳುತ್ತದೋ ತನಗೇ ತಿಳಿಯುವುದಿಲ್ಲ ಎಂದ. ನೀನು ಮಲಗು, ಇವತ್ತು ನಾನೇ ಹೋಗುತ್ತೇನೆ ಎಂದೂ ಹೇಳಿದ. ಸಿಟ್ಟಿನ ಕೈಗೆ ಕಣ್ಣಿಲ್ಲ ಎಂದುಕೊಂಡಳು. ಹಲ್ಲು ಮುರಿದಾಗಲೂ ಪಕ್ಕೆಲುಬು ಬಿರಿದಾಗಲೂ ಹಾಗೆಂದುಕೊಂಡೇ ಹದಿಮೂರು ವರ್ಷ ಬಾಳಿದ್ದಳು. ಆದರೆ ಅವನು ಸ್ನಾನಕ್ಕೆ ಹೋದಾಗ ಕಿವಿಗೆ ಹತ್ತಿ ತುರುಕಿಕೊಂಡು, ರೆಕಾರ್ಡುಗಳ ಚೀಲ ಹೊತ್ತು, ಮಗಳ ಜೊತೆ ಬಸ್ಸು ಹತ್ತಿದಳು. ಮಗಳು ದಾರಿಯುದ್ದಕ್ಕೂ ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಳ್ಳುತ್ತಿದ್ದಳು.

ಹತ್ತಿ ಕಂಡ ಯಜಮಾನಿಗೆ ಬಚ್ಚಲಲ್ಲಿ ಜಾರಿದೆ ಎಂದಳು.

“ಭಾರಿ ಬಚ್ಚಲಮ್ಮಾ ನಿಮ್ಮದು. ನಿನ್ನೊಬ್ಬಳನ್ನೇ ಮೂರು ಸಲ ಬೀಳಿಸ್ತು,” ಎಂದಳು ಯಜಮಾನಿ. ಗಂಡ ಆಗಲೇ ಎರಡು ಸಲ ಫೋನ್ ಮಾಡಿ, ಅವಳ ಕೈಲಾಗದಿದ್ದರೆ ನಾನು ಬರುತ್ತೇನೆ ಎಂದಿದ್ದನಂತೆ.

ಮೊದಲ ಹಾಡು ಮುಗಿಯುತ್ತ ಬಂತು. ಅಭ್ಯಾಸಬಲದಿಂದ ಬಲಗಿವಿಗೆ ಹೆಡ್‌ಫೋನ್ ಇಟ್ಟಳು. ಬರೀ ಗುಂಯ್‌. ಎಡಗಿವಿಗೆ ಇಟ್ಟರೆ ಹಾಲ್‌ನ ಹಾಡು ಅಳಿಸಿಹೋಯಿತು. ಕುರುಡಾಗಿ ಬೆರೆಸಿದಳು. ಎರಡು ಹಾಡಿನ ಡ್ರಮ್ಮುಗಳು ಕಟ್ಟಿಹಾಕಿದ ಕುದುರೆಗಳಂತೆ ಒಂದನ್ನೊಂದು ಒದ್ದವು. ಕುಣಿಯುವವರು ತಡವರಿಸಿದರು, ಯಾರೋ ಎಸೆದ ಬಾಟಲಿ ಮೇಜಿನ ಅಂಚಿಗೆ ಬಡಿದು ಒಡೆಯಿತು, ಚೂರೊಂದು ಅವಳ ಮೊಣಕೈ ಸೀಳಿತು. ಯಜಮಾನಿ ಫೋನ್ ಕೈಗೆತ್ತಿಕೊಂಡಳು.

ಮಗಳು ಮೇಜಿನ ಹಿಂದೆ ಬಂದು ಹೆಡ್‌ಫೋನ್ ತೆಗೆದು ತಾನು ಹಾಕಿಕೊಂಡಳು. ಮುಂದಿನ ಹಾಡಿನ ಬಡಿತವನ್ನು ಎರಡು ಬೆರಳಿನಿಂದ ಅಮ್ಮನ ಮಣಿಕಟ್ಟಿನ ಮೇಲೆ ತಟ್ಟತೊಡಗಿದಳು. ಹಾಲ್‌ನ ಬಡಿತಕ್ಕಿಂತ ಅದು ಕೂದಲೆಳೆಯಷ್ಟು ಹಿಂದಿತ್ತು. ಅಮ್ಮ ವೇಗದ ಗುಂಡಿಯನ್ನು ಸರಿಸಿದಳು, ಇನ್ನಷ್ಟು ಸರಿಸಿದಳು. ಮಣಿಕಟ್ಟಿನ ಬಡಿತವೂ ಹಾಲ್‌ನ ಬಡಿತವೂ ಒಂದಾದವು. ಎಂಟರಿಂದ ಒಂಬತ್ತಕ್ಕೆ ದಾಟಿದ್ದು ಯಾರಿಗೂ ತಿಳಿಯಲಿಲ್ಲ. ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತಿದ್ದಂತೆಯೇ ಅವಳು ಎರಡು ಗಂಟೆ ನಿಂತು ನುಡಿಸಿದಳು. ಕೊನೆಗೆ ಯಜಮಾನಿ ಗಾಯಕ್ಕೆ ಬಟ್ಟೆ ಕಟ್ಟುತ್ತ, ಮುಂದಿನ ಭಾನುವಾರ ಬೇಗ ಬಾ ಎಂದಳು.

ಹಿಂಬಾಗಿಲಲ್ಲಿ ಗಂಡ ಸ್ಕೂಟರ್ ನಿಲ್ಲಿಸಿಕೊಂಡು ಕಾದಿದ್ದ. ಕಣ್ಣುಗಳು ಕೆಂಪಾಗಿದ್ದವು. ಆಸ್ಪತ್ರೆಗೆ ಹೋಗೋಣ, ಸಿಟ್ಟಲ್ಲಿ ಆಗಿಹೋಯಿತು ಎಂದು ಮೆತ್ತಗೆ ಹೇಳಿ ಚೀಲಕ್ಕೆ ಕೈ ಚಾಚಿದ. ಅವಳು ಚೀಲ ಕೊಡಲು ಹೆಗಲಿಂದ ಇಳಿಸಿದಳು.

ಮಗಳು ಅವಳ ಎಡಗಡೆಗೆ ಬಂದು ನಿಂತಳು.

“ಅಮ್ಮಾ, ಅಪ್ಪ ಬರೆಯೋದು, ಹಲ್ಲುಜ್ಜೋದು, ನಿನ್ನ ಹೊಡೆಯೋದು ಎಲ್ಲಾ ಬಲಗೈಯಲ್ಲೇ ಅಲ್ವಾ? ಇವತ್ತು ಮಾತ್ರ ಯಾಕೆ ಎಡಗೈಯಲ್ಲಿ ಹೊಡೆದ್ರು?”